ಜಾನ್ ವಾಟರ್ಸ್ ಮತ್ತೆ ಸಿನಿಮಾ ಮಾಡೋದು ಯಾವಾಗ? 2004ರಿಂದ ಕಾಯ್ತಾ ಇದ್ದೀವಿ

ಮಧ್ಯರಾತ್ರಿ_ಆಟ

ಬೇಕಂತಲೇ ಅಸಹ್ಯ ತೋರಿಸಿ ನಗಿಸುವ ಅಮೆರಿಕದ ನಿರ್ದೇಶಕ, ಬಾಲ್ಟಿಮೋರ್‌ನ ಜಾನ್ ವಾಟರ್ಸ್ ಕೊನೆಯ ಸಿನಿಮಾ 'ಎ ಡರ್ಟಿ ಶೇಮ್'. ಬಂದಿದ್ದು 2004ರಲ್ಲಿ. ಆಮೇಲೆ ಪುಸ್ತಕ ಬರೆದರು, ಊರೂರು ಸುತ್ತಿ ವೇದಿಕೆ ಮೇಲೆ ಒಬ್ಬರೇ ನಿಂತು ಜನರನ್ನ ನಗಿಸಿದರು, ಸಿನಿಮಾ ಮಾತ್ರ ಇಲ್ಲ. 2022ರಲ್ಲಿ 'ಲೈಯರ್‌ಮೌತ್' ಅಂತ ಮೊದಲ ಕಾದಂಬರಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಲೇಜ್ ರೋಡ್‌ಶೋ ಕಂಪನಿ ಅದರ ಹಕ್ಕು ತಗೊಂಡಿತು, ಚಿತ್ರಕಥೆ ನಿರ್ದೇಶನ ಎರಡೂ ಅವರದ್ದೇ ಅಂತ ಸುದ್ದಿ ಆಯಿತು. ಆಮೇಲೆ ಆಬ್ರಿ ಪ್ಲಾಜಾ ನಾಯಕಿ ಅಂತಲೂ ಬಂತು. ನಾವೆಲ್ಲ ಕುಣಿದಾಡಿದ್ದೆವು, ನೆನಪಿದೆ ಅಲ್ವಾ? ಆದರೆ ದುಡ್ಡು ಹೊಂದಲಿಲ್ಲ. 2025ರ ಮಾರ್ಚ್‌ನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಈಗ ವಿಷಯಕ್ಕೆ ಬರ್ತೀನಿ. ಈ ಮನುಷ್ಯನ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, "ಈ ಕಾಲದಲ್ಲಿ ಅಂಥ ಸಿನಿಮಾ ಮಾಡೋಕಾಗಲ್ಲ ಬಿಡಿ, ಜನ ಎಲ್ಲದಕ್ಕೂ ಮುನಿಸಿಕೊಳ್ಳುತ್ತಾರೆ" ಅಂತ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. 1972ರಲ್ಲಿ 'ಪಿಂಕ್ ಫ್ಲೆಮಿಂಗೋಸ್' ಮಾಡಿದಾಗ ಜನ ಏನು ಹಾರ ಹಾಕಿ ಕರೆದಿದ್ದರಾ? ಬಾಲ್ಟಿಮೋರ್ ಇರೋ ಮೇರಿಲ್ಯಾಂಡ್ ರಾಜ್ಯಕ್ಕೆ ಆಗ ತನ್ನದೇ ಸೆನ್ಸಾರ್ ಮಂಡಳಿ ಇತ್ತು. ಅಮೆರಿಕದ ಉಳಿದ ರಾಜ್ಯಗಳೆಲ್ಲ ಅಂಥ ಅಂಗಡಿ ಮುಚ್ಚಿದ ಮೇಲೂ ಇಲ್ಲಿ ಮಾತ್ರ 1981ರ ತನಕ ನಡೆಯಿತು. ಅದರ ಸದಸ್ಯೆ ಮೇರಿ ಅವಾರಾಗೆ ವಾಟರ್ಸ್ ಸಿನಿಮಾ ಅಂದರೆ ಆಗುತ್ತಲೇ ಇರಲಿಲ್ಲ. ಅಂಥ ಊರಲ್ಲೇ ಕೂತು ಸಿನಿಮಾ ತೆಗೆದವರಿಗೆ ಇವತ್ತಿನ ಟ್ವೀಟು ಯಾವ ಲೆಕ್ಕ? ಅವರನ್ನ ತಡೆದು ನಿಲ್ಲಿಸಿರೋದು ಪ್ರೇಕ್ಷಕರ ಸಿಟ್ಟಲ್ಲ, ದುಡ್ಡು. ಅಷ್ಟೇ ನನ್ನ ವಾದ. ಯಾರಿಗೆ ಒಪ್ಪಿಗೆ ಇಲ್ಲವೋ ಬನ್ನಿ.

ಕೊನೇ_ಸಾಲು

ಬಂದೆ ಗುರು.

ದುಡ್ಡು ಒಂದು ಕಾರಣ, ಸರಿ. ಆದರೆ ಇನ್ನೊಂದು ಯಾಕೆ ಬಿಡ್ತೀರಿ? ಬೆಚ್ಚಿಬೀಳಿಸೋದಕ್ಕೆ ಈಗ ಬೆಲೆ ಇಲ್ಲ. ಫೋನ್ ತೆಗೆದರೆ ಸಾಕು, ಬೇಕಾದ್ದು ಬೇಡದ್ದು ಎಲ್ಲ ಬಿಟ್ಟಿ ಬರುತ್ತದೆ. ಅದೂ ಅಲ್ಲದೆ 1998ರಲ್ಲಿ 'ದೇರ್ಸ್ ಸಮ್‌ಥಿಂಗ್ ಅಬೌಟ್ ಮೇರಿ' ಓಡಿದ ಮೇಲೆ ದೊಡ್ಡ ಸ್ಟುಡಿಯೋಗಳೇ ಅಸಹ್ಯದ ಕಾಮಿಡಿಗೆ ಇಳಿದವು. 'ಜಾಕ್‌ಆಸ್' ಟಿವಿ ಶೋ ಹುಡುಗರು ಕ್ಯಾಮೆರಾ ಮುಂದೆ ಮಾಡಬಾರದ್ದೆಲ್ಲ ಮಾಡಿ ತೋರಿಸಿದರು. 'ಎ ಡರ್ಟಿ ಶೇಮ್' ಬರುವ ಹೊತ್ತಿಗೆ ಜನ ಅದಕ್ಕಿಂತ ಜಾಸ್ತಿ ನೋಡಿಯಾಗಿತ್ತು. ತಮಾಷೆ ನೋಡಿ, ಆ ಸಿನಿಮಾದಲ್ಲಿ ಇದ್ದವನು ಜಾಕ್‌ಆಸ್‌ನ ಜಾನಿ ನಾಕ್ಸ್‌ವಿಲ್ಲೇ. ಶಿಷ್ಯರೆಲ್ಲ ಗೆದ್ದ ಮೇಲೆ ಗುರು ಬಂದು ಅದೇ ಪಾಠ ಹೇಳಿದಂಗಾಯಿತು.

ನನಗಂತೂ ಆ ಸಿನಿಮಾ ಅರ್ಧಕ್ಕೆ ಬೋರ್ ಹೊಡೀತು. ತಲೆಗೆ ಏಟು ಬೀಳುತ್ತದೆ, ಹಾರ್ಫರ್ಡ್ ರಸ್ತೆಯ ಮಡಿವಂತ ಹೆಂಗಸಿಗೆ ಕಾಮ ಕೆರಳುತ್ತದೆ, ಇನ್ನೊಂದು ಏಟು ಬೀಳುತ್ತದೆ, ವಾಪಸ್ ಮಡಿ. ಒಂದೇ ಜೋಕನ್ನ ಎಷ್ಟು ಸಲ ಹೇಳ್ತಾರೆ?

ರೀಲು_ಬಿಚ್ಚಿ

@ಕೊನೇ_ಸಾಲು ಆ ಸಿನಿಮಾ ಬಗ್ಗೆ ನಿಮ್ಮ ಮಾತು ಒಪ್ಪಿದೆ, ಅದು ಅವರ ಒಳ್ಳೆ ಸಿನಿಮಾ ಅಲ್ಲ. ನಾಯಕಿ ಟ್ರೇಸಿ ಉಲ್‌ಮನ್ ಒಬ್ಬರೇ ಇಡೀ ಸಿನಿಮಾ ಹೊತ್ತು ಓಡಿದ್ದಾರೆ. ಆದರೆ "ಬೆಚ್ಚಿಬೀಳಿಸೋದು" ಅವರ ಬಂಡವಾಳ ಅಂತ ನೀವು ಅಂದುಕೊಂಡಿದ್ದೀರಲ್ಲ, ಅಲ್ಲೇ ಜಗಳ.

'ಪಿಂಕ್ ಫ್ಲೆಮಿಂಗೋಸ್' ಕೊನೆ ದೃಶ್ಯ ತಗೊಳ್ಳಿ, ಎಲ್ಲರೂ ಅದನ್ನೇ ಹೇಳೋದು. ಡಿವೈನ್ (ಹೆಣ್ಣುವೇಷದ ನಟ, ವಾಟರ್ಸ್ ಸಿನಿಮಾಗಳ ಖಾಯಂ ತಾರೆ) ಬೀದಿಯಲ್ಲಿ ನಡ್ಕೊಂಡು ಬರುತ್ತಾಳೆ. ಒಂದು ಪುಟ್ಟ ನಾಯಿ. ಹಿನ್ನೆಲೆಯಲ್ಲಿ, ಕಿಟಕಿಯಲ್ಲಿರೋ ನಾಯಿಮರಿ ಎಷ್ಟಕ್ಕೆ ಅಂತ ಕೇಳುವ ಹಳೇ ಮುದ್ದು ಹಾಡು. ನಾಯಿ ತನ್ನ ಕೆಲಸ ಮುಗಿಸುತ್ತದೆ, ಇವಳು ಬಗ್ಗಿ ಅದನ್ನ ಎತ್ತಿ ಬಾಯಿಗೆ ಹಾಕುತ್ತಾಳೆ. ಕಟ್ ಇಲ್ಲ. ನಾಯಿಯಿಂದ ಬಾಯಿಗೆ ಒಂದೇ ಶಾಟ್, ಮೋಸ ಇಲ್ಲ ಅಂತ ನಮಗೆ ಗೊತ್ತಾಗಬೇಕು ಅದಕ್ಕೆ. ಆದರೆ ನೀವು ಮತ್ತೆ ನೋಡುವಾಗ ಅವಳ ಮುಖ ನೋಡಿ. ವಾಕರಿಕೆ ಬರುತ್ತಾ ಇದೆ, ಹಲ್ಲೆಲ್ಲ ಗಲೀಜು, ಆದರೂ ಕ್ಯಾಮೆರಾ ನೋಡಿ ನಗುತ್ತಾಳೆ. ಪ್ರಶಸ್ತಿ ಗೆದ್ದವರ ನಗು ಅದು. ಕಥೆಯೇ ಅದು ತಾನೇ, ಭೂಮಿ ಮೇಲಿನ ಅತಿ ಹೊಲಸು ವ್ಯಕ್ತಿ ಅನ್ನೋ ಬಿರುದಿಗೆ ಎರಡು ಮನೆಯವರ ಕಾದಾಟ. ಆ ಬಿರುದನ್ನ ಅವರು ಎಷ್ಟು ಸೀರಿಯಸ್ ಆಗಿ ತಗೊಂಡಿದ್ದಾರೆ ಅನ್ನೋದೇ ಕಾಮಿಡಿ. ನಾಯಿ ಹೇಲು ತಿನ್ನೋ ವಿಡಿಯೋ ಇವತ್ತು ಯಾರು ಬೇಕಾದರೂ ಹಾಕಬಹುದು, ಆ ನಗು ಎಲ್ಲಿಂದ ತರ್ತೀರಿ?

ಮತ್ತೆ ಇನ್ನೊಂದು. ಡಿವೈನ್ ಮನೆಯವರಿರೋ ಆ ಟ್ರೇಲರ್, ಅಂದರೆ ಚಕ್ರದ ಮೇಲಿನ ಮನೆಯೊಳಗೆ ಎಲ್ಲರೂ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ನೋಡ್ಕೊಳ್ಳುತ್ತಾರೆ ಅಂತ ಗಮನಿಸಿದ್ದೀರಾ? ಮುದುಕಿ ಅಮ್ಮ ಮಗುವಿನ ತೊಟ್ಟಿಲಂಥ ಕಟಕಟೆಯೊಳಗೆ ಒಳಉಡುಪಲ್ಲಿ ಕೂತು ಮೊಟ್ಟೆ ಬೇಕು ಮೊಟ್ಟೆ ಬೇಕು ಅಂತ ಅಳುತ್ತಾಳೆ. ಯಾರೂ ಬೈಯಲ್ಲ. ಮೊಟ್ಟೆ ಕೊಡುತ್ತಾರೆ. ಮೊಟ್ಟೆ ಮಾರುವವನು ಬಂದು ಅವಳನ್ನ ಮದುವೆಯಾಗಿ ಕೈಗಾಡಿಯಲ್ಲಿ ಕೂರಿಸಿ ಕರ್ಕೊಂಡು ಹೋಗ್ತಾನೆ. ಹೊಲಸು ಅಂದರೆ ಹೊಲಸು, ಆದರೆ ಪ್ರೀತಿ ಇದೆ.

ಸುಮ್ನೆ_ಓದುವವಳು

ಪ್ರೀತಿ ಅಂತೀರಿ, ನನಗೆ ಅಲ್ಲೇ ಇರುಸುಮುರುಸು. ಆ ಅಮ್ಮನ ಪಾತ್ರ ಮಾಡಿದ ಈಡಿತ್ ಮ್ಯಾಸಿಗೆ ನಟನೆ ಬರಲ್ಲ, ಹಲ್ಲು ಸರಿ ಇಲ್ಲ, ಮಾತು ಒಪ್ಪಿಸಿದ ಹಾಗೆ ಹೇಳುತ್ತಾರೆ. ಜನ ನಗೋದು ಅವರ ಜತೆಗಾ, ಅವರನ್ನ ನೋಡಿನಾ? ಅದೂ ಸಾಲದು ಅಂತ ಕೋಳಿ ಇಟ್ಟುಕೊಂಡು ಒಂದು ದೃಶ್ಯ ಇದೆಯಲ್ಲ, ನಾನು ಅಲ್ಲಿಗೇ ಎದ್ದುಹೋದೆ. ಅದನ್ನ ಯಾರೂ ಕಲೆ ಅಂತ ನನಗೆ ಹೇಳಬೇಡಿ. ಪ್ರಾಣಿ ಸತ್ತದ್ದು ನಿಜವಾಗಿ.

ಮಧ್ಯರಾತ್ರಿ_ಆಟ

ಕೋಳಿ ವಿಷಯ ನಾನು ಸಮರ್ಥಿಸಲ್ಲ ಮೇಡಂ. ಆ ದೃಶ್ಯ ಇಲ್ಲದಿದ್ದರೂ ಸಿನಿಮಾಗೆ ಏನೂ ಕಮ್ಮಿ ಆಗುತ್ತಿರಲಿಲ್ಲ.

ಈಡಿತ್ ಬಗ್ಗೆ ಮಾತ್ರ ಬೇರೆ ಥರ ಯೋಚಿಸಿ. ಆಕೆ ಬಾಲ್ಟಿಮೋರ್‌ನ ಫೆಲ್ಸ್ ಪಾಯಿಂಟ್‌ನಲ್ಲಿ ಒಂದು ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದವರು, ವಾಟರ್ಸ್ ಅಲ್ಲೇ ಪರಿಚಯ ಆದದ್ದು. ಸಿನಿಮಾದಿಂದ ಹೆಸರು ಬಂದ ಮೇಲೆ ಅಲ್ಲೇ ಹಳೇ ಸಾಮಾನಿನ ಅಂಗಡಿ ಇಟ್ಟರು, ದೂರದೂರದಿಂದ ಅಭಿಮಾನಿಗಳು ಅವರನ್ನ ನೋಡೋಕೆ ಬರುತ್ತಿದ್ದರು. ಪಂಕ್ ಬ್ಯಾಂಡ್ ಬೇರೆ ಕಟ್ಟಿಕೊಂಡು ಹಾಡಿದರು. ಐವತ್ತು ದಾಟಿದ, ಯಾವ ಏಜೆಂಟೂ ತಿರುಗಿ ನೋಡದ ಹೆಂಗಸಿಗೆ ಹಾಲಿವುಡ್ ಇದರಲ್ಲಿ ಯಾವುದನ್ನ ಕೊಡುತ್ತಿತ್ತು ಹೇಳಿ? ವಾಟರ್ಸ್ ಆಕೆಗೆ ಒಂದಾದ ಮೇಲೊಂದು ಪಾತ್ರ ಕೊಟ್ಟರು, 'ಪಾಲಿಯೆಸ್ಟರ್'ನಲ್ಲಿ ಡಿವೈನ್‌ಳ ಜೀವದ ಗೆಳತಿಯ ಪಾತ್ರ. ಅದನ್ನ ನೋಡಿ, ಅದರಲ್ಲಿ ಅವರು ಎಷ್ಟು ಖುಷಿಯಾಗಿದ್ದಾರೆ ಅಂದರೆ ನಾವೂ ಅವರ ಜತೆಗೇ ನಗ್ತೀವಿ.

ಸುಮ್ನೆ_ಓದುವವಳು

ನೋಡ್ತೀನಿ. ಪೂರ್ತಿ ಒಪ್ಪಿಲ್ಲ.

ಇಂಟರ್ವಲ್_ಬೆಲ್

ಪಾಲಿಯೆಸ್ಟರ್ ಹೆಸರು ಬಂತಲ್ಲ, ಬಿಡೋಕಾಗಲ್ಲ. 1981. ಟಿಕೆಟ್ ಜತೆ ಒಂದು ಕಾರ್ಡ್ ಕೊಡುತ್ತಿದ್ದರು, ಅದಕ್ಕೆ ಓಡೋರಾಮ ಅಂತ ಹೆಸರು. ಕಾರ್ಡಿನ ಮೇಲೆ 1ರಿಂದ 10ರ ತನಕ ಗುಂಡಗಿನ ಅಂಕಿಗಳು. ಪರದೆ ಮೇಲೆ ಒಂದು ಅಂಕಿ ಮಿನುಗಿದ ತಕ್ಷಣ ಅದೇ ಅಂಕಿಯನ್ನ ಉಗುರಲ್ಲಿ ಕೆರೆದು ಮೂಗಿಗೆ ಹಿಡಿಯಬೇಕು. ಮೊದಲನೇದು ಗುಲಾಬಿ. ಆಹಾ ಅಂತ ಜನ ನಂಬುತ್ತಾರೆ. ಎರಡನೇದು ಹೂಸು! ಆಮೇಲೆ ಪೆಟ್ರೋಲು, ಗಬ್ಬುನಾತ ಬಿಡೋ ಸ್ಕಂಕು, ಹೀಗೆ ಸಾಗುತ್ತದೆ. ಇನ್ನೊಂದು ಕಡೆ ಪರದೆ ಮೇಲೆ ಹೂಗುಚ್ಛ ತೋರಿಸಿ ಅಂಕಿ ಮಿನುಗಿಸುತ್ತಾರೆ, ನೀವು ಆಸೆಯಿಂದ ಕೆರೆಯೋ ಅಷ್ಟರಲ್ಲಿ ಹೂವು ಮಾಯ, ಅಲ್ಲಿ ಬೆವರು ಹಿಡಿದ ಹಳೇ ಶೂ. ಥಿಯೇಟರ್ ತುಂಬ ಜನ ತಾವಾಗೇ ದುಡ್ಡು ಕೊಟ್ಟು ಕೊಳಕು ಶೂ ಮೂಸುತ್ತಾ ಕೂತಿದ್ದಾರೆ. ಇದಕ್ಕಿಂತ ಜೋಕ್ ಇನ್ನೇನು ಬೇಕು?

ಚಿಕ್ಕಂದಿನಲ್ಲಿ ವಾಟರ್ಸ್‌ಗೆ ವಿಲಿಯಂ ಕ್ಯಾಸಲ್ ಅನ್ನೋ ನಿರ್ದೇಶಕ ಅಂದರೆ ಪ್ರಾಣ. ಆ ಮನುಷ್ಯ ದೆವ್ವದ ಸಿನಿಮಾ ಹಾಕಿ ಸೀಟಿನಡಿ ಮೋಟರು ಇಟ್ಟು ಜನರನ್ನ ನಡುಗಿಸುತ್ತಿದ್ದ. ಆ ಜಾತ್ರೆ ಬುದ್ಧಿ ವಾಟರ್ಸ್‌ಗೂ ಬಂದಿದೆ. @ಕೊನೇ_ಸಾಲು ಅವರಿಗೆ ಹೇಳೋದು ಇದೇ, ಫೋನಲ್ಲಿ ಒಬ್ಬರೇ ನೋಡುವ ವಿಡಿಯೋಗೂ ನೂರಾರು ಜನ ಒಟ್ಟಿಗೆ ಮೂಗು ಮುಚ್ಚಿಕೊಂಡು ನಗುವುದಕ್ಕೂ ಅಜಗಜಾಂತರ. ಮಧ್ಯರಾತ್ರಿ ಆಟಗಳಲ್ಲೇ ಇವರ ಸಿನಿಮಾ ಬೆಳೆದದ್ದು. ನ್ಯೂಯಾರ್ಕ್‌ನ ಎಲ್ಗಿನ್ ಥಿಯೇಟರ್‌ನಲ್ಲಿ ಪಿಂಕ್ ಫ್ಲೆಮಿಂಗೋಸ್ ರಾತ್ರಿ ಹನ್ನೆರಡಕ್ಕೆ ಶುರುವಾದರೆ ಜನ ಡೈಲಾಗ್ ಜತೆಗೇ ಕೂಗುತ್ತಿದ್ದರಂತೆ. ಈಗ ಅಂಥ ಥಿಯೇಟರ್ ಎಷ್ಟು ಉಳಿದಿವೆ?

ಕೊನೇ_ಸಾಲು

ಆ ಪಾಯಿಂಟ್ ಕೊಟ್ಟೆ.

ಆದರೆ ನೀವೆಲ್ಲ ಹೇಳುತ್ತಿರೋದು 70, 80ರ ದಶಕದ ಸಿನಿಮಾಗಳ ಕಥೆ. ಆಗ ಡಿವೈನ್ ಇದ್ದಳು. 1988ರ ಮಾರ್ಚ್‌ನಲ್ಲಿ, 'ಹೇರ್‌ಸ್ಪ್ರೇ' ತೆರೆಗೆ ಬಂದು ಕೆಲವೇ ವಾರಕ್ಕೆ, ಹೋಗಿಬಿಟ್ಟಳು. ಅವರ ಖಾಯಂ ನಟರಲ್ಲಿ ಡೇವಿಡ್ ಲೋಕರಿ 1977ರಲ್ಲೇ ಹೋದ, ಈಡಿತ್ 1984ರಲ್ಲಿ, ಕುಕ್ಕಿ ಮುಲ್ಲರ್ 1989ರಲ್ಲಿ. ಆ ಗ್ಯಾಂಗೇ ಸಿನಿಮಾ ಆಗಿತ್ತು. ಗ್ಯಾಂಗ್ ಇಲ್ಲದೆ ವಾಪಸ್ ಬಂದು ಏನು ಮಾಡ್ತಾರೆ? ವಯಸ್ಸು ನೋಡಿ, 1946ರಲ್ಲಿ ಹುಟ್ಟಿದವರು.

ರೀಲು_ಬಿಚ್ಚಿ

ಗ್ಯಾಂಗ್ ಇಲ್ಲದೆ ಮಾಡಿದ್ದಾರಲ್ಲ ಸರ್! 1994ರ 'ಸೀರಿಯಲ್ ಮಾಮ್' ಮರೆತಿರಾ? ನಾಯಕಿ ಕ್ಯಾತ್ಲೀನ್ ಟರ್ನರ್. ಅಚ್ಚುಕಟ್ಟಾದ ಮನೆ, ಅಚ್ಚುಕಟ್ಟಾದ ಗೃಹಿಣಿ, ಪಕ್ಕದ ಮನೆಯವಳಿಗೆ ಅನಾಮಿಕ ಫೋನ್ ಮಾಡಿ ಕಿವಿ ಮುಚ್ಚಿಕೊಳ್ಳುವಂಥ ಬೈಗುಳ ಬೈಯುತ್ತಾಳೆ. ಬೈದ ಮರುಕ್ಷಣ ದನಿ ಬದಲಿಸಿ ಸಭ್ಯಸ್ಥೆ. ಕಸ ಬೇರೆ ಮಾಡದವರು, ವಿಡಿಯೋ ಟೇಪು ರಿವೈಂಡ್ ಮಾಡದೆ ವಾಪಸ್ ಕೊಡೋರು, ಇವಳ ಕೈಯಲ್ಲಿ ಉಳಿಯಲ್ಲ. ಕೊನೆಗೆ ಕೋರ್ಟು. ಜ್ಯೂರಿಯಲ್ಲಿ ಕೂತ ಹೆಂಗಸು ಲೇಬರ್ ಡೇ ಆದ ಮೇಲೂ ಬಿಳಿ ಶೂ ಹಾಕಿದ್ದಾಳೆ (ಸೆಪ್ಟೆಂಬರ್‌ನ ಆ ರಜೆ ಕಳೆದ ಮೇಲೆ ಬಿಳಿ ಹಾಕಬಾರದು ಅನ್ನೋದು ಅಮೆರಿಕದ ಹಳೇ ಶಿಷ್ಟಾಚಾರ), ಅದನ್ನ ನೋಡಿದಾಗ ಟರ್ನರ್ ಕಣ್ಣು ನೋಡಬೇಕು! ಆ ಬಿಳಿ ಶೂ ಹೆಂಗಸಿನ ಪಾತ್ರ ಮಾಡಿರೋದು ಪ್ಯಾಟಿ ಹರ್ಸ್ಟ್, 1974ರಲ್ಲಿ ಅಪಹರಣ ಆಗಿ ಆಮೇಲೆ ಬ್ಯಾಂಕ್ ದರೋಡೆ ಕೇಸಲ್ಲಿ ಜೈಲಿಗೆ ಹೋದ ಅದೇ ಪ್ಯಾಟಿ. ವಾಟರ್ಸ್ ತಲೆ ಹೇಗೆ ಓಡುತ್ತದೆ ನೋಡಿ. ಡಿವೈನ್ ಇಲ್ಲ, ಹೇಲು ಇಲ್ಲ, ಕೋಳಿ ಇಲ್ಲ, ಆದರೂ ಪೂರ್ತಿ ವಾಟರ್ಸ್.

ಗ್ಯಾಂಗ್ ಪೂರ್ತಿ ಹೋಗಿಲ್ಲ ಕೂಡ. ಆ ಸಿನಿಮಾದಲ್ಲಿ ಬೈಗುಳ ಕೇಳಿಸಿಕೊಂಡು ಒದ್ದಾಡುವ ಪಕ್ಕದ ಮನೆಯಾಕೆ ಮಿಂಕ್ ಸ್ಟೋಲ್. ಮೊದಲಿಂದ 2004ರ ತನಕ ಇದ್ದವರು.

ಹೊಸಬ_22

ನಾನು ಇವರದು 'ಹೇರ್‌ಸ್ಪ್ರೇ' ಒಂದೇ ನೋಡಿರೋದು, ಅದೂ ಟ್ರಾವೋಲ್ಟಾ ಇರೋ 2007ರದ್ದು. ಅದು ಮನೆಮಂದಿ ನೋಡೋ ಸಿನಿಮಾ ಅಲ್ವಾ? ಅದೇ ಮನುಷ್ಯನಾ ಇವರು?

ಮಧ್ಯರಾತ್ರಿ_ಆಟ

ಅದೇ ಮನುಷ್ಯ. 2007ರದ್ದು ಅವರ ನಿರ್ದೇಶನ ಅಲ್ಲ, ಆದರೆ ಶುರುವಿನ ಹಾಡಿನಲ್ಲಿ ಬೀದಿಯಲ್ಲಿ ಕೋಟು ತೆರೆದು ತೋರಿಸುವ ಒಬ್ಬ ಬರ್ತಾನೆ ನೋಡಿ, ಅದು ಅವರೇ.

ಮೂಲ ಹೇರ್‌ಸ್ಪ್ರೇ 1988ರದ್ದು, ಅದರಿಂದ 2002ರಲ್ಲಿ ಬ್ರಾಡ್‌ವೇ ನಾಟಕ, 8 ಟೋನಿ ಪ್ರಶಸ್ತಿ, ಅದರಿಂದ ನೀವು ನೋಡಿದ್ದು. ನನ್ನ ಪ್ರಕಾರ ಅವರ ಅತಿ ಕಿಲಾಡಿ ಸಿನಿಮಾ ಅದೇ. ಬಾಲ್ಟಿಮೋರ್‌ನಲ್ಲಿ ಬಡ್ಡಿ ಡೀನ್ ಶೋ ಅಂತ ನಿಜವಾದ ಡ್ಯಾನ್ಸ್ ಕಾರ್ಯಕ್ರಮ ಇತ್ತು ಟಿವಿಯಲ್ಲಿ. ಬಿಳಿ ಹುಡುಗರಿಗೆ ಬೇರೆ ದಿನ, ಕರಿಯರಿಗೆ ಬೇರೆ ದಿನ. ಇಬ್ಬರನ್ನೂ ಒಟ್ಟಿಗೆ ಕುಣಿಸಿ ಅಂತ ಒತ್ತಾಯ ಬಂದಾಗ, ಒಟ್ಟಿಗೆ ಕುಣಿಸುವ ಬದಲು 1964ರ ಜನವರಿಯಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿಬಿಟ್ಟರು. ವಾಟರ್ಸ್ ಸಿನಿಮಾದಲ್ಲಿ ಒಟ್ಟಿಗೆ ಕುಣಿಸಿದರು. ದಪ್ಪ ಹುಡುಗಿ ನಾಯಕಿ, ಅವಳ ಅಮ್ಮ ಡಿವೈನ್, ಅಂದರೆ ಗಂಡಸು. ಇದಕ್ಕೆ ಪಿಜಿ ಸರ್ಟಿಫಿಕೇಟ್, ಅಂದರೆ ಮಕ್ಕಳನ್ನೂ ಕರ್ಕೊಂಡು ಹೋಗಬಹುದು. ಹದಿನಾರು ವರ್ಷ ಹಿಂದೆ ಅದೇ ಡಿವೈನ್ ಏನು ತಿಂದಿದ್ದಳು ಅಂತ ಗೊತ್ತಿಲ್ಲದ ಅಪ್ಪಅಮ್ಮಂದಿರು ಮಕ್ಕಳನ್ನ ಕೈಹಿಡಿದು ಕರ್ಕೊಂಡು ಬಂದರು. ನಾಟಕವನ್ನ ಈಗ ಸ್ಕೂಲ್ ಮಕ್ಕಳೂ ಆಡುತ್ತಾರೆ.

ಅಂದರೆ ಮಡಿವಂತರ ಮನೆ ನಡುಮನೆಗೇ ನುಗ್ಗಿದ ಮನುಷ್ಯ. ಅದಕ್ಕೇ ನಾನು ಹೇಳೋದು, ಅಸಹ್ಯ ಅವರಿಗೆ ಒಂದು ದಾರಿ, ಅದೇ ಎಲ್ಲ ಅಲ್ಲ.

ಲೆಕ್ಕದ_ಪುಸ್ತಕ

ದುಡ್ಡಿನ ಮಾತು ಯಾರೂ ಸರಿಯಾಗಿ ಮುಟ್ಟಲೇ ಇಲ್ಲ, ಶುರು ಮಾಡಿದ್ದು ಅಲ್ಲಿಂದ ತಾನೇ.

ಪಿಂಕ್ ಫ್ಲೆಮಿಂಗೋಸ್ ಖರ್ಚು ಸುಮಾರು 12 ಸಾವಿರ ಡಾಲರ್, ಅಪ್ಪನ ಹತ್ತಿರ ಸಾಲ ತಗೊಂಡು ಮಾಡಿದ್ದು. ಅಪ್ಪ ಆ ಸಿನಿಮಾ ನೋಡಲೇ ಇಲ್ಲವಂತೆ, ಒಳ್ಳೇದಾಯ್ತು ಬಿಡಿ. ಅಷ್ಟು ದುಡ್ಡಲ್ಲಿ ಮಾಡಿದರೆ ಯಾರೂ ಬಂದು ಇದನ್ನ ತೆಗಿ ಅದನ್ನ ತೆಗಿ ಅನ್ನಲ್ಲ. ಹೇರ್‌ಸ್ಪ್ರೇ ಆದ ಮೇಲೆ ಹಾಲಿವುಡ್ ದುಡ್ಡು ಬಂತು, ಜಾನಿ ಡೆಪ್ ಬಂದ, ಟರ್ನರ್ ಬಂದರು. ಈ ನಡುಗಾತ್ರದ ಬಜೆಟ್ ಸಿನಿಮಾಗಳಿಗೆ ಒಂದು ಆಧಾರ ಇತ್ತು, ವಿಡಿಯೋ ಟೇಪು ಆಮೇಲೆ ಡಿವಿಡಿ. ಥಿಯೇಟರ್‌ನಲ್ಲಿ ಬಿದ್ದರೂ ಅಲ್ಲಿ ಎದ್ದು ನಿಲ್ಲುತ್ತಿತ್ತು. ಸೀರಿಯಲ್ ಮಾಮ್‌ಗೆ ಜನ ಸೇರಿದ್ದು ಹಾಗೇ. ಆ ಆಧಾರ ಮುರಿದುಬಿತ್ತು. ಈಗ ಒಂದೋ ನೂರು ಮಿಲಿಯನ್ ಮೇಲಿನದ್ದು, ಇಲ್ಲಾ ಚಿಲ್ಲರೆ ಕಾಸಿನದ್ದು.

ಎ ಡರ್ಟಿ ಶೇಮ್‌ಗೆ ಅಮೆರಿಕದ ರೇಟಿಂಗ್ ಮಂಡಳಿಯವರು ಎನ್‌ಸಿ-17 ಸರ್ಟಿಫಿಕೇಟ್ ಕೊಟ್ಟರು. ಅಂದರೆ 17 ಮತ್ತು ಅದಕ್ಕಿಂತ ಕೆಳಗಿನ ವಯಸ್ಸಿನವರು ಅಪ್ಪಅಮ್ಮನ ಜತೆ ಬಂದರೂ ಒಳಗೆ ಬಿಡಲ್ಲ. ಎಷ್ಟೋ ಥಿಯೇಟರ್‌ಗಳು ಅಂಥ ಸಿನಿಮಾ ಹಾಕೋದೇ ಇಲ್ಲ, ಜಾಹೀರಾತಿಗೂ ತೊಂದರೆ. ಏನು ಕತ್ತರಿಸಿದರೆ ಕೆಳಗಿನ ಸರ್ಟಿಫಿಕೇಟ್ ಸಿಗುತ್ತದೆ ಅಂತ ಕೇಳಿದರೆ, ಸ್ವಲ್ಪ ಹೊತ್ತಾದ ಮೇಲೆ ನಾವು ಬರೆದುಕೊಳ್ಳೋದನ್ನೇ ಬಿಟ್ಟೆವು ಅಂದರಂತೆ ಮಂಡಳಿಯವರು. ಇದು ವಾಟರ್ಸ್ ಹೇಳುವ ಕಥೆ, ಅವರು ಎಷ್ಟು ಖುಷಿಯಿಂದ ಹೇಳುತ್ತಾರೋ. ಆದರೆ ದುಡ್ಡು ಹಾಕಿದವರಿಗೆ ಅದು ನಗುವ ವಿಷಯ ಆಗಿರಲಿಲ್ಲ, ಹಾಕಿದ್ದರಲ್ಲಿ ಸಣ್ಣ ಪಾಲಷ್ಟೇ ವಾಪಸ್ ಬಂತು. ಮುಂದೆ 'ಫ್ರೂಟ್‌ಕೇಕ್' ಅಂತ ಮಕ್ಕಳ ಕ್ರಿಸ್‌ಮಸ್ ಸಿನಿಮಾ ಮಾಡ್ತೀನಿ ಅಂತ ಹೊರಟರು, ನಾಕ್ಸ್‌ವಿಲ್, ಪಾರ್ಕರ್ ಪೋಸಿ ಅಂತೆಲ್ಲ ಇತ್ತು. 2008ರ ಆರ್ಥಿಕ ಕುಸಿತದ ಹೊತ್ತು. ಅದೂ ಮುಳುಗಿತು. ಮಕ್ಕಳ ಸಿನಿಮಾಗೆ ಯಾರೂ ಮುನಿಸಿಕೊಂಡಿರಲಿಲ್ಲ ಅನ್ನೋದು ನೆನಪಿರಲಿ.

ಹಾಗಾಗಿ ಮಧ್ಯರಾತ್ರಿ ಅವರ ವಾದಕ್ಕೆ ನನ್ನ ಓಟು.

ಕೊನೇ_ಸಾಲು

ಸರಿ ಹಾಗಾದರೆ, ಕಾಸಿಲ್ಲದೆ ಮಾಡಲಿ! 12 ಸಾವಿರಕ್ಕೆ ಮಾಡಿದವರು ತಾನೇ. ಒಂದು ಫೋನ್ ತಗೊಂಡು ಬಾಲ್ಟಿಮೋರ್ ಬೀದಿಗೆ ಇಳಿದರೆ ಯಾರು ತಡೀತಾರೆ?

ಲೆಕ್ಕದ_ಪುಸ್ತಕ

ಅವರೇ ಒಪ್ಪಲ್ಲ. ಆ ಥರ ಸಿನಿಮಾ ಹುಡುಗನಾಗಿದ್ದಾಗ ಮಾಡಿದ್ದಾಯಿತು, ಈ ವಯಸ್ಸಲ್ಲಿ ಮತ್ತೆ ಮಾಡೋ ಮನಸ್ಸಿಲ್ಲ ಅನ್ನೋ ಅರ್ಥದ ಮಾತು ಎಷ್ಟೋ ಸಲ ಆಡಿದ್ದಾರೆ. ನನಗೆ ಅದು ನ್ಯಾಯ ಅನ್ನಿಸುತ್ತದೆ. ಎಂಬತ್ತರ ಮನುಷ್ಯ ಚಳಿಯಲ್ಲಿ ಬಿಟ್ಟಿ ಕೆಲಸದವರನ್ನ ಕಟ್ಟಿಕೊಂಡು ಒದ್ದಾಡಲಿ ಅಂತ ನಾವು ಕೇಳೋದು ಯಾವ ನ್ಯಾಯ? ಜತೆಗೆ ಆಗಿನ ಗೆಳೆಯರು ಸಂಬಳ ಇಲ್ಲದೆ ದುಡಿದರು, ಈಗ ಹಾಗೆ ದುಡಿಸೋಕೆ ಆಗಲ್ಲ, ಆಗಬಾರದು ಕೂಡ.

ಇಂಟರ್ವಲ್_ಬೆಲ್

ಲೈಯರ್‌ಮೌತ್ ಯಾರಾದರೂ ಓದಿದ್ದೀರಾ? ಸಿನಿಮಾ ಆದರೆ ನಡೆಯುತ್ತದಾ?

ರೀಲು_ಬಿಚ್ಚಿ

ಓದಿದ್ದೀನಿ. ಮಾರ್ಷಾ ಸ್ಪ್ರಿಂಕಲ್ ಅಂತ ನಾಯಕಿ, ಏರ್‌ಪೋರ್ಟ್‌ನಲ್ಲಿ ಸೂಟ್‌ಕೇಸ್ ಕದಿಯೋದು ಕೆಲಸ, ಬಾಯಿ ಬಿಟ್ಟರೆ ಸುಳ್ಳು. ಬೆಲ್ಟ್ ಮೇಲೆ ಬರೋ ಸಾಮಾನನ್ನ ಹೇಗೆ ಎತ್ತೋದು, ಯಾರ ಮುಖ ನೋಡಿ ಯಾವ ಸುಳ್ಳು ಬಿಡೋದು ಅನ್ನೋ ಶುರುವಿನ ಭಾಗ ಅದ್ಭುತ. ಅವಳ ಅಮ್ಮ ಸಾಕುಪ್ರಾಣಿಗಳಿಗೆ ಮುಖದ ಸುಕ್ಕು ತೆಗೆಯೋ ಆಪರೇಷನ್ ಮಾಡ್ತಾಳೆ, ಮಗಳು ಟ್ರ್ಯಾಂಪೊಲೀನ್ ಪಾರ್ಕ್ ನಡೆಸ್ತಾಳೆ, ಅಲ್ಲಿ ಕುಣಿಯೋದೇ ಚಟ ಆದ ಒಂದು ಪಂಗಡ. ಜತೆಗಾರ ಒಬ್ಬ ಇದ್ದಾನೆ, ಅವನ ಗುಪ್ತಾಂಗ ಮಾತಾಡೋಕೆ ಶುರು ಮಾಡುತ್ತದೆ, ಅದಕ್ಕೆ ತನ್ನದೇ ಅಭಿಪ್ರಾಯ ಬೇರೆ. ಇದನ್ನ ತೆರೆ ಮೇಲೆ ತೋರಿಸೋಕೆ ಗ್ರಾಫಿಕ್ಸ್ ಬೇಕು, ದುಡ್ಡು ಬೇಕು, ಮತ್ತೆ ಅದೇ ಎನ್‌ಸಿ-17 ಭಯ. ಯಾವ ಬ್ಯಾಂಕು ಸಾಲ ಕೊಡುತ್ತದೆ?

ಆದರೆ ಮಾರ್ಷಾ ಪಾತ್ರಕ್ಕೆ ಆಬ್ರಿ ಪ್ಲಾಜಾ ಹೇಳಿ ಮಾಡಿಸಿದ ಹಾಗಿದ್ದಾರೆ. ಮುಖದಲ್ಲಿ ಏನೂ ತೋರಿಸದೆ ಎದುರಿನವರ ಬೆವರಿಳಿಸುವ ಕಲೆ ಆಕೆಗೆ ಇದೆ. ಅದಕ್ಕೇ ಹೊಟ್ಟೆ ಉರಿಯೋದು.

ಸುಮ್ನೆ_ಓದುವವಳು

ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪಿಂಕ್ ಫ್ಲೆಮಿಂಗೋಸ್ ಅಮೆರಿಕದ ರಾಷ್ಟ್ರೀಯ ಚಿತ್ರ ಪಟ್ಟಿಗೆ ಸೇರಿದ್ದು 2021ರಲ್ಲಿ. ಹಾಲಿವುಡ್‌ನ ಫುಟ್‌ಪಾತ್ ಮೇಲೆ ಅವರ ಹೆಸರಿನ ನಕ್ಷತ್ರ 2023ರಲ್ಲಿ. ಆಸ್ಕರ್ ಅಕಾಡೆಮಿ ಮ್ಯೂಸಿಯಂ ಅವರ ಮೇಲೇ ಒಂದು ದೊಡ್ಡ ಪ್ರದರ್ಶನ ಇಟ್ಟಿತು. ಇಷ್ಟು ಸನ್ಮಾನ ಆದವರು ಬಂದು ಮತ್ತೆ ಹೊಲಸು ತೋರಿಸಿದರೆ ಎಲ್ಲರೂ ಎದ್ದುನಿಂತು ಚಪ್ಪಾಳೆ ಹೊಡೀತಾರೆ. ಯಾರಿಗೂ ಕಚಗುಳಿಯೂ ಆಗಲ್ಲ, ಸಿಟ್ಟೂ ಬರಲ್ಲ. ಅದು ಇನ್ನೂ ಕೆಟ್ಟದ್ದಲ್ವಾ?

ಮಧ್ಯರಾತ್ರಿ_ಆಟ

ಈ ಥ್ರೆಡ್‌ನಲ್ಲಿ ಬಂದ ಒಳ್ಳೆ ಪ್ರಶ್ನೆ ಇದೇ ಮೇಡಂ. ಅಪಾಯ ಇದೆ, ಇಲ್ಲ ಅನ್ನಲ್ಲ. ಆದರೆ ಸನ್ಮಾನವನ್ನೂ ಅವರು ಜೋಕ್ ಮಾಡಿಕೊಂಡ ರೀತಿ ನೋಡಿ. ಬಾಲ್ಟಿಮೋರ್ ಕಲಾ ಮ್ಯೂಸಿಯಂಗೆ ತಮ್ಮ ಕಲಾಸಂಗ್ರಹ ಬರೆದುಕೊಟ್ಟರು, 372 ಕೃತಿಗಳು. ಅಷ್ಟು ಕೊಟ್ಟವರ ಹೆಸರಲ್ಲಿ ಏನಾದರೂ ಮಾಡಬೇಕಲ್ಲ, ಇವರು ಕೇಳಿದ್ದು ಅಲ್ಲಿನ ಟಾಯ್ಲೆಟ್‌ಗೆ ನನ್ನ ಹೆಸರಿಡಿ ಅಂತ. ಇಟ್ಟರು! ಸೂಟು ಹಾಕಿದವರೆಲ್ಲ ನಿಂತು ಟಾಯ್ಲೆಟ್ ಉದ್ಘಾಟನೆ ಮಾಡಿದರು. ಈ ಬುದ್ಧಿ ಇರೋ ತನಕ ಅವರು ಸಿನಿಮಾ ಮಾಡಿದರೆ ಚಪ್ಪಾಳೆ ಹೊಡೆಯೋರನ್ನೇ ಗೇಲಿ ಮಾಡ್ತಾರೆ ಅಂತ ನನ್ನ ನಂಬಿಕೆ. ಮಡಿವಂತರು ಈಗ ಚರ್ಚ್‌ನಲ್ಲಿ ಮಾತ್ರ ಇಲ್ಲ, ಮ್ಯೂಸಿಯಂನಲ್ಲೂ ಇದ್ದಾರೆ, ನಮ್ಮಂಥ ಅಭಿಮಾನಿಗಳಲ್ಲೂ ಇದ್ದಾರೆ. ನಮಗೆ ಬೇಜಾರಾಗುವಂಥದ್ದು ಮಾಡಲಿ.

ಹೊಸಬ_22

ಎಲ್ಲಿಂದ ಶುರು ಮಾಡಲಿ ಹೇಳಿ. ಅಮ್ಮನ ಜತೆ ನೋಡೋದು.

ರೀಲು_ಬಿಚ್ಚಿ

ಅಮ್ಮನ ಜತೆ ಅಂದರೆ 1988ರ ಹೇರ್‌ಸ್ಪ್ರೇ, ಕಣ್ಣು ಮುಚ್ಚಿಕೊಂಡು ಹಾಕಿ. ನಗುವವರಾದರೆ ಸೀರಿಯಲ್ ಮಾಮ್, ಫೋನ್ ದೃಶ್ಯದಲ್ಲಿ ಮಾತ್ರ ವಾಲ್ಯೂಮ್ ಕಮ್ಮಿ ಮಾಡಿ. ಆಮೇಲೆ ಪಾಲಿಯೆಸ್ಟರ್. 'ಫೀಮೇಲ್ ಟ್ರಬಲ್' ಒಬ್ಬರೇ ನೋಡಿ, ನನ್ನ ಮಟ್ಟಿಗೆ ಡಿವೈನ್‌ಳ ಅತ್ಯುತ್ತಮ ನಟನೆ ಅದರಲ್ಲೇ ಇದೆ. ಪಿಂಕ್ ಫ್ಲೆಮಿಂಗೋಸ್ ಕೊನೆಗೆ, ಊಟಕ್ಕೆ ಮುಂಚೆ ಬೇಡ.

ಕೊನೇ_ಸಾಲು

ಊಟ ಆದ ಮೇಲೂ ಬೇಡ.